ಪೀರಪ್ಪನ ಸುಳ್ಳು, ಜಟ್ಟೆಮ್ಮನ ಅಂಗೈ

ಇದು ಪೀರಪ್ಪ ಆಸ್ಪತ್ರೆಯಲ್ಲಿ ಹೇಳಿದ ಒಂದು ಸುಳ್ಳಿನ ಕಥೆ. ಸುಳ್ಳು ಚಿಕ್ಕದು, ಒಂದೇ ಸಾಲಿನದು. ಹೇಳಿದ್ದು ಕೆಟ್ಟ ಬುದ್ಧಿಯಿಂದಲ್ಲ, ಹೆಂಡತಿಯ ಮೇಲಿನ ಪ್ರೀತಿಯಿಂದ. ಆದರೂ ಆ ಒಂದು ಸಾಲು ಜಟ್ಟೆಮ್ಮನ ಬಲಗೈಯ ಆರು ವಾರಗಳನ್ನು ತಿಂದುಹಾಕಿತು. ಹೇಗೆ ಅಂತ ಸ್ವಲ್ಪ ಕೂತು ಕೇಳಿ. ಎಷ್ಟೋ ಮನೆಗಳಲ್ಲಿ ಒಬ್ಬೊಬ್ಬ ಪೀರಪ್ಪ ಇದ್ದಾನೆ, ನಿಮ್ಮ ಮನೆಯಲ್ಲೂ ಇರಬಹುದು.

ಪೀರಪ್ಪ, ಜಟ್ಟೆಮ್ಮ ಯಾದಗಿರಿ ಕಡೆಯವರು. ಕೆ.ಆರ್. ಪುರಕ್ಕೆ ಬಂದು ಹದಿನಾರು ವರ್ಷವಾಯಿತು. ರೈಲು ಹಳಿಯ ಆಚೆ, ಸಾಲುಮನೆಗಳ ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಪೀರಪ್ಪ ಸಿ.ವಿ. ರಾಮನ್ ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಮಗ ಶಿವಪುತ್ರ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ರಾಜೇಶ್ವರಿ ಹತ್ತಿರದ ಅಂಗನವಾಡಿಯಲ್ಲಿ ಸಹಾಯಕಿ.

ಜಟ್ಟೆಮ್ಮನ ಕೆಲಸ ಜೋಳದ ರೊಟ್ಟಿ ಬಡಿಯುವುದು. ಆ ಗಲ್ಲಿಯ ತುಂಬ ಕಲಬುರಗಿ, ಯಾದಗಿರಿ, ರಾಯಚೂರಿನ ಗಾರೆ ಕೆಲಸದವರು. ಬೆಳಗ್ಗೆ ಅನ್ನ ತಿಂದು ಕೆಲಸಕ್ಕೆ ಹೋದರೆ ಹನ್ನೊಂದು ಗಂಟೆಗೇ ಕೈಕಾಲು ಸೋಲುತ್ತವೆ ಎನ್ನುವ ಮಂದಿ. ಅವರಿಗೆಲ್ಲ ಜಟ್ಟೆಮ್ಮನ ರೊಟ್ಟಿಯೇ ಆಗಬೇಕು. ಬೆಳಗಿನ ಐದಕ್ಕೆ ಅವಳು ಹಲಗೆಯ ಮುಂದೆ ಕೂತಳೆಂದರೆ ಟಪ್ ಟಪ್ ಎಂಬ ಸದ್ದು ಗಲ್ಲಿಯ ಆ ತುದಿಯವರೆಗೂ ಕೇಳುತ್ತಿತ್ತು. ಬೈಲಪ್ಪ ಎಂಬ ಗಾರೆ ಮೇಸ್ತ್ರಿಯಂತೂ ಆ ಸದ್ದಿಗೇ ಏಳುತ್ತಿದ್ದ. ಅವನಿಗೆ ಬೇರೆ ಅಲಾರಂ ಇರಲಿಲ್ಲ.

ಶ್ರಾವಣದ ಒಂದು ಬೆಳಗ್ಗೆ ಸದ್ದು ನಡುವೆಯೇ ನಿಂತಿತು. ಜಟ್ಟೆಮ್ಮನ ಬಲಗೈ ರೊಟ್ಟಿಯ ಮೇಲೆ ಬಿದ್ದದ್ದು ಮತ್ತೆ ಏಳಲಿಲ್ಲ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ರಾಜೇಶ್ವರಿ ಜಾಣೆ. ನೀರು ಚಿಮುಕಿಸುತ್ತ, ಎಣ್ಣೆ ತಿಕ್ಕುತ್ತ ಹೊತ್ತು ಕಳೆಯದೆ ಅತ್ತೆಯನ್ನು ಆಗಲೇ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದಳು. ಲಕ್ವ ಹೊಡೆದಿದೆ, ಬೇಗ ಕರೆತಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಜೀವ ಉಳಿಯಿತು. ಮಾತು ಮರಳಿತು. ಕೋಲು ಹಿಡಿದು ನಡೆಯುವಷ್ಟು ಕಾಲೂ ಮರಳಿತು. ಬಲಗೈ ಮಾತ್ರ ಮುಷ್ಟಿ ಬಿಗಿದುಕೊಂಡು ಮಡಿಲಲ್ಲೇ ಉಳಿಯಿತು.

ಡಾಕ್ಟರು ಹಲಸೂರಿನ ಒಂದು ಟ್ರಸ್ಟ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಆಕ್ಯುಪೇಷನಲ್ ಥೆರಪಿ ಎಂಬ ವಿಭಾಗವಿದೆ, ವಾರಕ್ಕೊಮ್ಮೆ ಹೋಗಬೇಕು ಎಂದರು. ಹೆಸರು ಉದ್ದ, ವಿಷಯ ಸರಳ. ಕಾಯಿಲೆಯಿಂದ ನಿಂತುಹೋದ ದಿನದ ಕೆಲಸಗಳನ್ನು, ಅಂದರೆ ಉಣ್ಣುವುದು, ಉಡುವುದು, ಮೀಯುವುದು, ದುಡಿಯುವುದನ್ನು ಮತ್ತೆ ಕೈಗೆ ಹತ್ತಿಸುವ ಚಿಕಿತ್ಸೆ ಅದು. ಮೊದಲ ಕೆಲವು ತಿಂಗಳಲ್ಲೇ ಕೈ ಹೆಚ್ಚು ಚೇತರಿಸಿಕೊಳ್ಳುತ್ತದೆ, ಹೊತ್ತು ಕಳೆಯಬೇಡಿ ಎಂದೂ ಡಾಕ್ಟರು ಹೇಳಿದ್ದರು. ಆ ಮಾತು ಪೀರಪ್ಪನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಹಲಸೂರಿನಲ್ಲಿ ಇಳಿದು ಇಬ್ಬರೂ ಆಸ್ಪತ್ರೆ ತಲುಪಿದರು. ಬೆಂಚಿನ ಮೇಲೆ ಪಕ್ಕದಲ್ಲಿ ವೆಂಕಟಾಚಲ ಎನ್ನುವವರು ಕೂತಿದ್ದರು. ವಿಮಾನಪುರದ ಕಾರ್ಖಾನೆಯಿಂದ ನಿವೃತ್ತರಾದವರು, ಇಸ್ತ್ರಿ ಮಾಡಿದ ಅಂಗಿ. ಹೆಂಡತಿ ಸುಬ್ಬಲಕ್ಷ್ಮಿಯವರಿಗೂ ಲಕ್ವವೇ, ಅವರಿಗೆ ಎಡಗೈ. ಮನೆಯಲ್ಲಿ ಎಲ್ಲದಕ್ಕೂ ಜನ ಇದ್ದಾರೆ, ನಮ್ಮನೆಯವರು ಒಂದು ಕಡ್ಡಿಯನ್ನೂ ಎತ್ತಿಡಬೇಕಾಗಿಲ್ಲ ಎಂದು ವೆಂಕಟಾಚಲ ಹೇಳುತ್ತಿದ್ದರು. ಸುಬ್ಬಲಕ್ಷ್ಮಿ ಆ ಕಡೆ ಮುಖ ಮಾಡಿ ಕೂತಿದ್ದರು. ಪೀರಪ್ಪ ಕೇಳಿಸಿಕೊಂಡ.

ಒಳಗೆ ಥೆರಪಿಸ್ಟ್ ಚಿನ್ಮಯಿ ಇದ್ದಳು. ಮೂವತ್ತರ ಆಸುಪಾಸಿನ ಹುಡುಗಿ, ಅವಸರವಿಲ್ಲದ ಮಾತು. ಜಟ್ಟೆಮ್ಮನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಮಣಿಕಟ್ಟು ಎಷ್ಟು ಬಾಗುತ್ತದೆ, ಭುಜ ಎಲ್ಲಿಯವರೆಗೆ ಏಳುತ್ತದೆ ಎಂದು ನೋಡಿ ಬರೆದುಕೊಂಡಳು. ಕಣ್ಣು ಮುಚ್ಚಿಸಿ, ತಣ್ಣೀರಿನದೊಂದು ಬಿಸಿನೀರಿನದೊಂದು ಎರಡು ಸಣ್ಣ ಬಾಟಲಿ ಮುಟ್ಟಿಸಿದಳು. ಬಲಗೈಗೆ ಬಿಸಿ ತಾಗಿದಾಗ ಜಟ್ಟೆಮ್ಮ ತಣ್ಣಗಿದೆ ಅಂದಳು. ಚಿನ್ಮಯಿ ಆ ಅಂಗೈಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಇಲ್ಲಿಯವರೆಗೂ ಪೀರಪ್ಪನಿಗೆ ಸಮಾಧಾನವಿತ್ತು. ಡಾಕ್ಟರೆಂದರೆ ಹೀಗೆ ನೋಡಬೇಕು.

ಆಮೇಲೆ ಶುರುವಾದವು ಪ್ರಶ್ನೆಗಳು. ಎಷ್ಟು ಗಂಟೆಗೆ ಏಳ್ತೀರಿ, ಎದ್ದು ಮೊದಲು ಏನು ಮಾಡ್ತೀರಿ, ಕೂರುವುದು ನೆಲದ ಮೇಲೋ ಕುರ್ಚಿಯ ಮೇಲೋ, ಮನೆಯಲ್ಲಿ ಟೇಬಲ್ ಇದೆಯೋ, ನೀರು ತರುವವರು ಯಾರು. ಪೀರಪ್ಪನಿಗೆ ಇದು ಜನಗಣತಿಯವರು ಮನೆಗೆ ಬಂದ ಹಾಗೆ ಕಂಡಿತು. ಕೈಗೂ ಟೇಬಲ್ಲಿಗೂ ಏನು ಸಂಬಂಧ? ಟೇಬಲ್ ಇದೆ ಅಂದುಬಿಟ್ಟ. ಕೆಲಸದ ವಿಷಯ ಬಂದಾಗ ಜಟ್ಟೆಮ್ಮ ಬಾಯಿ ತೆರೆಯುವಷ್ಟರಲ್ಲಿ ತಾನೇ ಹೇಳಿದ.

"ಆಕಿಗಿ ಮನ್ಯಾಗ ಏನೂ ಕೆಲಸ ಇಲ್ರೀ. ಸೊಸಿ ಅದಾಳ. ರಾಣಿ ಹಂಗ ಕುಂತಿರ್ತಾಳ."

ಇದೇ ಆ ಸುಳ್ಳು. ಬೆಂಚಿನ ಮೇಲೆ ಕೇಳಿದ ದೊಡ್ಡ ಮಾತಿನ ಗಾಳಿ ಅವನಿಗೂ ಸ್ವಲ್ಪ ತಾಗಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ಕಾರಣ ಹೊಟ್ಟೆಯೊಳಗಿತ್ತು. ಬೆಂಕಿ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ ಎಂದು ಗೊತ್ತಾದರೆ, ಇನ್ನು ಮುಂದೆ ರೊಟ್ಟಿ ಬಂದ್ ಎಂದು ಚೀಟಿಯಲ್ಲಿ ಬರೆದುಬಿಟ್ಟರೆ? ಬರೆದ ಮೇಲೆ ಮುಗಿಯಿತು. ರೊಟ್ಟಿ ಬಡಿಯದ ಜಟ್ಟೆಮ್ಮನನ್ನು ಪೀರಪ್ಪ ನೋಡಿಯೇ ಇರಲಿಲ್ಲ, ನೋಡುವ ಧೈರ್ಯವೂ ಅವನಿಗಿರಲಿಲ್ಲ. ಕೈ ಸರಿಯಾಗಲಿ, ಆಮೇಲೆ ಸದ್ದಿಲ್ಲದೆ ಶುರು ಮಾಡಿದರಾಯಿತು ಎಂಬುದು ಅವನ ಉಪಾಯ.

ಚಿನ್ಮಯಿ ಜಟ್ಟೆಮ್ಮನ ಕಡೆ ತಿರುಗಿದಳು. "ಅಮ್ಮ, ನೀವೇ ಹೇಳಿ. ಈ ಕೈ ಸರಿಹೋದ ದಿನ ಮೊದಲು ಏನ್ ಮಾಡ್ಬೇಕು ಅಂತಿದೀರಾ?"

ಜಟ್ಟೆಮ್ಮ ಗಂಡನ ಮುಖ ನೋಡಿದಳು. "ಅವ್ರ ಹೇಳ್ಯಾರಲ್ರೀ," ಅಂದಳು.

ಚಿನ್ಮಯಿ ಇನ್ನೊಂದು ರೀತಿಯಲ್ಲಿ ಕೇಳಿದಳು, ಮತ್ತೊಂದು ರೀತಿಯಲ್ಲಿ ಕೇಳಿದಳು. ಎಲ್ಲದಕ್ಕೂ ಪೀರಪ್ಪನ ಉತ್ತರವೇ ಮೊದಲು ಬಂತು. ಕೊನೆಗೆ ಅವಳು, ಮನೆಯಲ್ಲಿ ಆರಾಮಾಗಿ ಕೂತಿರುವ ಹೆಂಗಸಿಗೆ ಏನು ಬೇಕೋ ಅದನ್ನು ಬರೆದುಕೊಟ್ಟಳು. ಟೇಬಲ್ಲಿನ ಮುಂದೆ ಕೂತು ಚಮಚ ಹಿಡಿದು ತಿನ್ನುವುದು, ಲೋಟ ಎತ್ತುವುದು, ಬಟ್ಟೆ ಕ್ಲಿಪ್ಪು ಹಾಕಿ ತೆಗೆಯುವುದು, ಮರದ ತುಂಡುಗಳನ್ನು ಡಬ್ಬಿಗೆ ಹಾಕುವುದು. ಒಮ್ಮೆ ಮನೆಗೆ ಬಂದು ನೋಡಬಹುದೇ ಎಂದೂ ಕೇಳಿದಳು. ಪೀರಪ್ಪ ಹೂಂ ಅಂದು, ಯಾವತ್ತು ಎಂದು ಹೇಳದೆ ಎದ್ದುಬಂದ.

ಮುಂದಿನ ಆರು ವಾರ ನಡೆದದ್ದನ್ನು ಹೇಳಲು ಬೇಸರವಾಗುತ್ತದೆ. ಆ ಮನೆಯಲ್ಲಿ ಟೇಬಲ್ ಇಲ್ಲ. ಜಟ್ಟೆಮ್ಮ ಹುಟ್ಟಿದಾಗಿನಿಂದ ಚಮಚದಲ್ಲಿ ತಿಂದವಳಲ್ಲ. ಮರದ ತುಂಡುಗಳನ್ನು ಎರಡು ದಿನ ಡಬ್ಬಿಗೆ ಹಾಕಿದಳು, ಮೂರನೆಯ ದಿನ ಡಬ್ಬಿಯನ್ನೇ ಟ್ರಂಕಿನ ಹಿಂದೆ ಸರಿಸಿದಳು. ವಾರಕ್ಕೊಮ್ಮೆ ಹಲಸೂರಿಗೆ ಹೋದಾಗ ಹೇಳಿದಷ್ಟು ಮಾಡುತ್ತಿದ್ದಳು, ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ರಾಜೇಶ್ವರಿ ತುತ್ತು ಮಾಡಿ ಬಾಯಿಗಿಟ್ಟರೆ ತಿನ್ನುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ. ಬೈಲಪ್ಪ ಎರಡು ಸಲ ಬಾಗಿಲಿಗೆ ಬಂದು, ಅವ್ವ ಹೇಗಿದ್ದಾಳೆಂದು ಕೇಳಿಕೊಂಡು ಹೋದ. ಆ ಎರಡು ದಿನ ಜಟ್ಟೆಮ್ಮ ಊಟವನ್ನೇ ಮಾಡಲಿಲ್ಲ.

ಪೀರಪ್ಪನ ಸಿಟ್ಟೆಲ್ಲ ಚಿನ್ಮಯಿಯ ಮೇಲೆ ತಿರುಗಿತು. ಅರವತ್ತರ ಹತ್ತಿರದ ಹೆಂಗಸಿಗೆ ಮಕ್ಕಳ ಆಟಿಕೆ ಕೊಟ್ಟು ಕೂರಿಸಿದ್ದಾಳೆ, ಕರೆಂಟ್ ಕೊಡುವ ಮಷೀನೂ ಇಲ್ಲ, ಸೂಜಿಯೂ ಇಲ್ಲ, ಬರೀ ಕಥೆ ಕೇಳುತ್ತಾಳೆ ಎಂದು ಮನೆಯಲ್ಲಿ ಕೂಗಾಡಿದ. ಇನ್ನು ಹಲಸೂರಿಗೆ ಹೋಗುವುದು ಬೇಡ ಎಂದೂ ಅಂದ.

ಅದು ಕೇಳಿಸಿದ್ದು ಸುರಯ್ಯಾಳಿಗೆ. ಅವಳು ಆ ಗಲ್ಲಿಯ ಆಶಾ ಕಾರ್ಯಕರ್ತೆ. ಜಟ್ಟೆಮ್ಮನ ಬಿ.ಪಿ. ಮಾತ್ರೆ ತಪ್ಪದೆ ನಡೆದಿದೆಯೇ ಎಂದು ನೋಡಲು ಬಂದವಳು ಹೊಸ್ತಿಲಲ್ಲೇ ನಿಂತಳು. ಸಾಲುಮನೆಯವರಿಂದ ಕಲಿತು ಅವಳೂ ಪೀರಪ್ಪನನ್ನು ಕಾಕಾ ಎನ್ನುತ್ತಾಳೆ.

ರಾಜೇಶ್ವರಿ ಕೊಟ್ಟ ಚಹಾ ಹಿಡಿದು ಕೂತು ಅವಳು ತನ್ನ ಅಣ್ಣ ಫಹೀಮನ ವಿಷಯ ಹೇಳಿದಳು. ಫಹೀಮ್ ಶಿವಾಜಿನಗರದಲ್ಲಿ ಟೈಲರ್. ಹೋದ ವರ್ಷ ಗಾಜು ತಾಗಿ ಹೆಬ್ಬೆರಳಿನ ನರ ಕುಯ್ದುಹೋಗಿತ್ತು. ಪಕ್ಕದ ಹಾಸಿಗೆಯಲ್ಲಿ ಒಬ್ಬ ಹಣ್ಣಿನ ವ್ಯಾಪಾರಿ, ಅವನಿಗೂ ಅದೇ ಬೆರಳು, ಅದೇ ಗಾಯ. ಆಪರೇಷನ್ ಇಬ್ಬರಿಗೂ ಒಂದೇ ಆಯಿತು. ಆದರೆ ಥೆರಪಿಯವರು ಕಲಿಸಿದ್ದು ಬೇರೆ ಬೇರೆ. ಫಹೀಮನಿಗೆ ದಪ್ಪ ಹಿಡಿಯ ಕತ್ತರಿ ಕೊಟ್ಟು ಬಟ್ಟೆ ಕತ್ತರಿಸಲು ಕಲಿಸಿದರು. ವ್ಯಾಪಾರಿಗೆ ಚೀಲ ಎತ್ತುವುದು, ತಕ್ಕಡಿ ಹಿಡಿಯುವುದು.

"ಕೈ ಒಂದನ್ನೇ ನೋಡಿದ್ರೆ ಯಾವ ನರ, ಎಷ್ಟು ಬಿಗಿ ಅಂತ ಗೊತ್ತಾಗುತ್ತೆ ಕಾಕಾ. ಅದು ಒಂದು ಯೋಚನೆ, ಅದೂ ಬೇಕು," ಅಂದಳು ಸುರಯ್ಯಾ. "ಆದ್ರೆ ಈ ಕೈ ಯಾರದ್ದು, ಇಷ್ಟು ವರ್ಷ ಏನ್ ಮಾಡ್ತಿತ್ತು, ಅನ್ನೋದು ಇನ್ನೊಂದು ಯೋಚನೆ. ಮನೆ ಹೆಂಗಿದೆ, ಜೊತೆಗೆ ಯಾರಿದಾರೆ ಅನ್ನೋದು ಮತ್ತೊಂದು. ಎಲ್ಲಾನೂ ಕೂಡಿಸಿದ್ರೇನೇ ಅವ್ರಿಗೆ ದಾರಿ ಕಾಣೋದು. ಅದಕ್ಕೇ ಅಷ್ಟೊಂದು ಕೇಳ್ತಾರೆ. ಅವರ ಔಷಧಿ ಇರೋದೇ ನಿಮ್ಮ ಉತ್ತರದಲ್ಲಿ."

ಪೀರಪ್ಪ ಚಹಾ ಆರಿಸುವ ನೆವದಲ್ಲಿ ಬಟ್ಟಲು ಊದುತ್ತ ಕೂತ. ಸುರಯ್ಯಾ ಸುಮ್ಮನೆ ಕೇಳಿದಳು, ಜಟ್ಟೆಮ್ಮ ರೊಟ್ಟಿ ಬಡಿಯುತ್ತಿದ್ದದ್ದನ್ನು ಕೇಳಿ ಅವರು ಏನಂದರು ಎಂದು. ಪೀರಪ್ಪ ಡ್ಯೂಟಿಗೆ ಹೊತ್ತಾಯಿತು ಎಂದು ಟೋಪಿ ಹಾಕಿಕೊಂಡು ಹೊರಟೇಬಿಟ್ಟ. ಆ ದಿನ ಅವನಿಗೆ ಡ್ಯೂಟಿಯೇ ಇರಲಿಲ್ಲ.

ರಾಜೇಶ್ವರಿ ಮತ್ತು ಸುರಯ್ಯಾ ಮುಖ ಮುಖ ನೋಡಿಕೊಂಡರು. ಆಸ್ಪತ್ರೆಗೆ ಫೋನ್ ಹೋಯಿತು. ಗುರುವಾರ ಮನೆಗೆ ಬರುತ್ತೇನೆ ಎಂದಳು ಚಿನ್ಮಯಿ.

ಪೀರಪ್ಪನಿಗೆ ಗೊತ್ತಾದದ್ದು ಗುರುವಾರ ಬೆಳಗ್ಗೆಯೇ. ಆಗ ಅವನ ಓಡಾಟ ನೋಡಬೇಕಿತ್ತು. ರೊಟ್ಟಿ ಹಲಗೆಯ ಮೇಲೆ ಹಾಸಿಗೆಯ ಚಾದರ ಬಿತ್ತು. ಕಬ್ಬಿಣದ ಹಂಚು ಬಾಗಿಲ ಹಿಂದೆ ಹೋಯಿತು. ಜೋಳದ ಹಿಟ್ಟಿನ ಚೀಲವನ್ನು ಮಂಡಿಯೂರಿ ಮಂಚದ ಕೆಳಗೆ ತಳ್ಳಿದ. ಪಕ್ಕದ ಮನೆಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಜಟ್ಟೆಮ್ಮನನ್ನು ಅದರ ಮೇಲೆ ಕೂರಿಸಿದ. ರಾಣಿ ಕೂತಾಯಿತು. ರಾಣಿಯ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ.

ಚಿನ್ಮಯಿ ಬಂದವಳು ಚಪ್ಪಲಿ ಬಿಟ್ಟು ನೇರವಾಗಿ ನೆಲದ ಮೇಲೆ ಕೂತಳು. ಮನೆಯನ್ನು ಒಂದು ಸುತ್ತು ಕಣ್ಣಲ್ಲೇ ನೋಡಿದಳು. ಟೇಬಲ್ ಎಲ್ಲಿ ಎಂದು ಕೇಳಲಿಲ್ಲ. ಪೀರಪ್ಪನ ಪ್ಯಾಂಟಿನ ಎರಡು ಮಂಡಿಗಳೂ ಹಿಟ್ಟಿನಿಂದ ಬೆಳ್ಳಗಾಗಿದ್ದವು. ಅದನ್ನೂ ನೋಡಿದಳು. ಜಟ್ಟೆಮ್ಮನ ಬಲಗೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡು ಮೆಲ್ಲಗೆ ಬಿಡಿಸಿದಳು.

"ಅಮ್ಮ, ಮೊದಲನೇ ದಿನಾನೇ ಈ ಅಂಗೈ ನೋಡಿದ್ದೆ. ಇಲ್ಲಿ, ಮಣಿಕಟ್ಟಿನ ಹತ್ರ, ಎಷ್ಟು ಗಟ್ಟಿಯಾಗಿದೆ ನೋಡಿ. ಬೆರಳ ತುದೀಲಿ ಹಳೇ ಸುಟ್ಟ ಗುರುತಿದೆ. ಸುಮ್ಮನೆ ಕೂತಿರೋರ ಕೈ ಹೀಗಿರಲ್ಲ. ನಿಮ್ಮ ಬಾಯಿಂದಾನೇ ಬರಲಿ ಅಂತ ಕಾದೆ. ಅದು ನನ್ನ ತಪ್ಪೂ ಇರಬಹುದು. ಯಜಮಾನ್ರನ್ನ ಹೊರಗೆ ಕೂರಿಸಿ ಇನ್ನೊಂದು ಸಲ ಕೇಳ್ಬೇಕಿತ್ತು."

ಪೀರಪ್ಪ ತನ್ನ ಮಂಡಿ ನೋಡಿಕೊಂಡ. ಕೊಡವಲು ಹೋದ, ಹಿಟ್ಟು ಇನ್ನಷ್ಟು ಹರಡಿತು. ಆಗ ಅವನಿಗೆ ಸಾಕಾಗಿಹೋಯಿತು.

"ಸುಳ್ಳ ಹೇಳೀನ್ರೀ," ಅಂದ. "ಆಕಿ ದಿನಾ ರೊಟ್ಟಿ ಬಡೀತಿದ್ಳು. ನೀವು ಬಂದ್ ಮಾಡು ಅಂತ ಬರೀತೀರಿ ಅಂತ ಅಂಜಿಕಿ ಬಂತು. ಅದಿಲ್ಲಂದ್ರ ಆಕಿ ಉಳಿಯಂಗಿಲ್ರೀ."

ಹೇಳಿದವನು ಮುಖ ಒರೆಸಿಕೊಳ್ಳುವ ನೆವದಲ್ಲಿ ಅತ್ತ. ಅಷ್ಟು ವರ್ಷದ ಸಂಸಾರದಲ್ಲಿ ಜಟ್ಟೆಮ್ಮ ಗಂಡ ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಅವಳು ಕುರ್ಚಿಯಿಂದ ಇಳಿಯಲು ಹೊರಟಳು. ರಾಜೇಶ್ವರಿ ಹಿಡಿದು ಇಳಿಸಿದಳು. ನೆಲದ ಮೇಲೆ ಕೂತು, ಎಡಗೈಯಿಂದ ಬಲಗೈಯನ್ನು ಎತ್ತಿ ಚಿನ್ಮಯಿಗೆ ತೋರಿಸಿ ಜಟ್ಟೆಮ್ಮ ಮೊದಲ ಸಲ ತನ್ನ ಮಾತು ತಾನೇ ಆಡಿದಳು.

"ರೊಟ್ಟಿ ಬಡಿಲಿಕ್ಕಿ ಬರ್ಲಿಲ್ಲಂದ್ರ ಈ ಕೈ ಇದ್ದು ಏನ್ ಮಾಡ್ಲಿ, ತಂಗೀ? ಚಮಚ ಹಿಡಿಯೋದು ನಂಗ ಬ್ಯಾಡ. ಹಲಗಿ ಮುಂದ ಕುಂದರಸು."

ಚಾದರ ತೆಗೆದರು. ಹಂಚು ಬಾಗಿಲ ಹಿಂದಿನಿಂದ ಹೊರಗೆ ಬಂತು. ಅಂದು ಚಿನ್ಮಯಿ ಒಂದೂವರೆ ಗಂಟೆ ಅಲ್ಲೇ ಕೂತಳು. ರೊಟ್ಟಿ ಬಡಿಯಲು ಯಾರು ಕಲಿಸಿದರು ಎಂದು ಕೇಳಿದಳು. ಜಟ್ಟೆಮ್ಮ ತನ್ನ ಅಜ್ಜಿಯ ವಿಷಯ ಹೇಳಿದಳು. ಕಣ್ಣು ಕಾಣದ ಆ ಅಜ್ಜಿ ಸದ್ದು ಕೇಳಿಯೇ ರೊಟ್ಟಿ ಎಲ್ಲಿ ದಪ್ಪ, ಎಲ್ಲಿ ತೆಳ್ಳಗೆ ಎಂದು ಹೇಳುತ್ತಿದ್ದಳಂತೆ. ಎರಡು ತಿಂಗಳಿಂದ ಗೋಡೆ ನೋಡುತ್ತಿದ್ದವಳು ಅರ್ಧ ಗಂಟೆ ನಿಲ್ಲಿಸದೆ ಮಾತಾಡಿದಳು. ಇಂಥ ಮಾತೂ ಚಿಕಿತ್ಸೆಯ ಭಾಗವೇ ಎಂದು ಪೀರಪ್ಪನಿಗೆ ಅರ್ಥವಾದದ್ದು ಆಗ. ನಂಬಿಕೆ ಹುಟ್ಟದೆ ಯಾರೂ ಕೈ ಚಾಚುವುದಿಲ್ಲ.

ಆಮೇಲೆ ರಾಜೇಶ್ವರಿಯ ಕೈಯಲ್ಲಿ ಒಂದು ರೊಟ್ಟಿ ಮಾಡಿಸಿ ಪ್ರತಿಯೊಂದು ಹಂತವನ್ನೂ ನೋಡಿದಳು. ಹಿಟ್ಟಿಗೆ ಕುದಿನೀರು ಹಾಕುವುದು, ಅಂಗೈ ಒತ್ತಿ ನಾದುವುದು, ಉಂಡೆ ಮಾಡುವುದು, ಬಡಿಯುತ್ತ ತಿರುಗಿಸುವುದು, ಎತ್ತಿ ಹಂಚಿಗೆ ಹಾಕುವುದು, ಮೇಲೆ ನೀರು ಸವರುವುದು. ನಾದುವುದನ್ನು ನೋಡಿ ಅವಳ ಮುಖ ಅರಳಿತು. ಬಿಗಿದ ಬೆರಳು ಬಿಡಿಸಿ, ಅಂಗೈ ಊರಿ, ಮೈಭಾರ ಬಿಟ್ಟು ಒತ್ತುವ ಕೆಲಸ ಜಟ್ಟೆಮ್ಮನ ಕೈಗೆ ಬೇಕಾದ ವ್ಯಾಯಾಮವೇ ಎಂದಳು. ಮರದ ತುಂಡುಗಳ ಡಬ್ಬಿಯನ್ನು ತಾನೇ ಟ್ರಂಕಿನ ಹಿಂದಿನಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು.

ಆದರೆ ಎಲ್ಲದಕ್ಕೂ ಹೂಂ ಅನ್ನಲಿಲ್ಲ. ಬಲಗೈಗೆ ಬಿಸಿ ಗೊತ್ತಾಗುವುದಿಲ್ಲ. ಆದ್ದರಿಂದ ಕುದಿನೀರು ಮತ್ತು ಹಂಚಿನ ಕೆಲಸ ಸದ್ಯಕ್ಕೆ ರಾಜೇಶ್ವರಿಯದು, ಹಿಟ್ಟು ಆರಿದೆಯೇ ಎಂದು ಎಡಗೈಯಲ್ಲಿ ಮುಟ್ಟಿ ನೋಡಿಯೇ ಜಟ್ಟೆಮ್ಮ ಶುರು ಮಾಡಬೇಕು. ಹಲಗೆಯನ್ನು ಎತ್ತರಕ್ಕೆ, ಟೇಬಲ್ಲಿನ ಮೇಲೆ ಇಟ್ಟರೆ ಹೇಗೆ ಎಂದು ಚಿನ್ಮಯಿ ಕೇಳಿದಾಗ, ಒಂದು ಮಂಡಿ ಎತ್ತಿ ನೆಲದ ಮೇಲೆ ಕೂತರೇ ತನ್ನ ರಟ್ಟೆಗೆ ಬಲ ಬರುವುದು ಎಂದಳು ಜಟ್ಟೆಮ್ಮ. ಇಬ್ಬರೂ ಸ್ವಲ್ಪ ಜಗಳವಾಡಿದರು. ಕೊನೆಗೆ ಕೂರಲು ಒಂದು ಎತ್ತರದ ಮಣೆ, ಏಳುವಾಗ ಹಿಡಿಯಲು ಗೋಡೆಗೊಂದು ಕಬ್ಬಿಣದ ಹಿಡಿ, ಹಲಗೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಎಂದು ತೀರ್ಮಾನವಾಯಿತು. ಅಂಗಡಿಯಿಂದ ತರುವಂಥದ್ದು ಹೆಚ್ಚೇನೂ ಇರಲಿಲ್ಲ. ಇದ್ದ ಮನೆ, ಇದ್ದ ಜನರಲ್ಲೇ ಆಗಬೇಕು ಎಂಬುದು ಅವಳ ಯೋಚನೆ.

ಪೀರಪ್ಪನಿಗೆ ಈಗ ಇನ್ನೊಂದು ಭಯ. ಬಿದ್ದರೆ? ಸುಟ್ಟುಕೊಂಡರೆ? ಸುಮ್ಮನೆ ಕೂರಿಸುವುದೇ ಒಳ್ಳೆಯದಲ್ಲವೇ ಎಂದು ಕೇಳಿದ. ಅಪಾಯ ಪೂರ್ತಿ ಇಲ್ಲ ಎಂದು ಹೇಳಲಾರೆ, ಕಡಿಮೆ ಮಾಡಬಹುದು ಎಂದಳು ಚಿನ್ಮಯಿ. ಆದರೆ ಸುಮ್ಮನೆ ಕೂರಿಸಿದ ಆರು ವಾರದಲ್ಲಿ ಏನಾಯಿತೆಂದು ನೀವೇ ನೋಡಿದಿರಿ. ಎರಡನ್ನೂ ತೂಗಿ ನೋಡುವುದು ನನ್ನ ಕೆಲಸ, ಬೇಕು ಬೇಡ ಹೇಳುವುದು ಅಮ್ಮನ ಹಕ್ಕು ಎಂದಳು.

"ಮೊದಲಿನ ಹಂಗೇ ಆಗುತ್ತೆ ಅಂತ ಮಾತು ಕೊಡಲ್ಲ," ಎಂದೂ ಹೇಳಿದಳು. "ಆರು ತಿಂಗಳಾದ್ಮೇಲೆ ಬಲಗೈ ಬರೀ ಸಹಾಯಕ್ಕೆ ಬರೋ ಹಂಗಾದ್ರೆ, ಎಡಗೈಗೆ ಬಡಿಯೋದು ಕಲಿಸೋಣ. ದಿನಾ ಹತ್ತೇ ರೊಟ್ಟಿ ಆದ್ರೆ ಹತ್ತಕ್ಕೆ ತಕ್ಕ ಹಾಗೆ ಯೋಚನೆ ಮಾಡೋಣ. ಕೈ ಹೆಂಗೆ ಬದಲಾಗುತ್ತೋ ನಮ್ಮ ದಾರೀನೂ ಹಂಗೆ ಬದಲಾಗ್ಬೇಕು."

ಮರುದಿನದಿಂದ ಜಟ್ಟೆಮ್ಮ ನಾದಲು ಕೂತಳು. ಬಲಗೈ ಕೆಳಗೆ, ಎಡಗೈ ಮೇಲೆ. ಮೊದಲ ವಾರ ಹಿಟ್ಟಿಗಿಂತ ಹೆಚ್ಚು ಬೆವರು. ಎರಡನೆಯ ವಾರ ಉಂಡೆಯಾಯಿತು. ಐದನೆಯ ವಾರ ಎಡಗೈ ಬಡಿಯುತ್ತಿತ್ತು, ಬಲಗೈ ತಿರುಗಿಸುತ್ತಿತ್ತು. ಮೊದಲ ರೊಟ್ಟಿ ಮೂರು ಕಡೆ ಹರಿದಿತ್ತು. ಅದನ್ನು ನೋಡಿ ಜಟ್ಟೆಮ್ಮ ಜೋರಾಗಿ ನಕ್ಕಳು, ಅಜ್ಜಿ ಇದ್ದಿದ್ದರೆ ಹಲಗೆಯಿಂದಲೇ ಎಬ್ಬಿಸುತ್ತಿದ್ದಳು ಅಂದಳು. ಹರಿದ ರೊಟ್ಟಿಗಳನ್ನೆಲ್ಲ ತಿಂಗಳುಗಟ್ಟಲೆ ಪೀರಪ್ಪನೇ ತಿಂದ. ಅದು ಅವನ ಸುಳ್ಳಿಗೆ ಸರಿಯಾದ ದಂಡ ಎಂದು ರಾಜೇಶ್ವರಿ ಹೇಳುತ್ತಾಳೆ.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಗ್ಗೆ ಬೈಲಪ್ಪ ಬಾಗಿಲಿಗೆ ಬಂದು ನಿಂತ. ಸದ್ದು ಕೇಳಿ ಎದ್ದುಬಂದಿದ್ದ. ಮೊದಲಿನ ಸದ್ದಲ್ಲ ಅದು. ಒಂದು ಟಪ್ ಗಟ್ಟಿ, ಮುಂದಿನದು ಮೆತ್ತಗೆ, ನಡುವೆ ಸ್ವಲ್ಪ ಬಿಡುವು. ಆದರೂ ಯಾರ ಸದ್ದೆಂದು ಅವನಿಗೆ ಗೊತ್ತಾಗಿತ್ತು. ಜಟ್ಟೆಮ್ಮ ಎರಡು ರೊಟ್ಟಿ ಕೊಟ್ಟಳು, ಬಲಗೈಯಲ್ಲೇ. ಈಗ ಅವಳು ದಿನಕ್ಕೆ ಹದಿನೆಂಟು, ಇಪ್ಪತ್ತು ರೊಟ್ಟಿ ಬಡಿಯುತ್ತಾಳೆ. ಮೊದಲಿನ ಲೆಕ್ಕಕ್ಕೆ ಅದು ಏನೂ ಅಲ್ಲ. ಅವಳಿಗೆ ಮಾತ್ರ ಅಷ್ಟರಲ್ಲಿ ತೃಪ್ತಿಯಿದೆ, ಊಟ ಮಾಡುತ್ತಾಳೆ, ಸೊಸೆಯ ರೊಟ್ಟಿ ದಪ್ಪ ಎಂದು ಹಂಗಿಸುತ್ತಾಳೆ.

ಕಳೆದ ತಿಂಗಳು ಹಲಸೂರಿಗೆ ಹೋದಾಗ ಅದೇ ಬೆಂಚು, ಅದೇ ವೆಂಕಟಾಚಲ. ಥೆರಪಿಯಿಂದ ಏನೂ ಉಪಯೋಗವಾಗುತ್ತಿಲ್ಲ, ನಮ್ಮನೆಯವರಿಗೆ ಮನಸ್ಸೇ ಇಲ್ಲ ಎಂದು ಅವರು ಬೇಸರದಲ್ಲಿದ್ದರು. ಪೀರಪ್ಪ ತನ್ನ ಸುಳ್ಳಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದ, ಮಂಡಿಯ ಹಿಟ್ಟನ್ನೂ ಬಿಡದೆ. ವೆಂಕಟಾಚಲ ಹೆಂಡತಿಯ ಕಡೆ ತಿರುಗಿ, ನಿನಗೆ ಏನು ಮಾಡೋಕೆ ಇಷ್ಟ ಎಂದು ಕೇಳಿದರು. ಹಾರ್ಮೋನಿಯಂ ಎಂದರು ಸುಬ್ಬಲಕ್ಷ್ಮಿ. ಅದು ಅಟ್ಟದ ಮೇಲಿತ್ತಂತೆ.

ಒಳಗೆ ಚಿನ್ಮಯಿ ಜಟ್ಟೆಮ್ಮನ ಕೈ ನೋಡಿ, ಬರೆದುಕೊಂಡು, ಕೇಳಿದಳು. "ರೊಟ್ಟಿ ಆಯ್ತು. ಇನ್ನೇನ್ ಮಾಡ್ಬೇಕು ಅಮ್ಮ?"

ಪೀರಪ್ಪನಿಗೆ ಉತ್ತರ ಗೊತ್ತಿತ್ತು. ಇನ್ನೂ ಹೆಚ್ಚು ರೊಟ್ಟಿ, ಮತ್ತೇನು? ಬಾಯಿ ತೆರೆದ. ಜಟ್ಟೆಮ್ಮ ಅವನ ಕಡೆ ನೋಡಿದಳು. ಬಾಯಿ ಮುಚ್ಚಿದ.

"ಮೆಟ್ರೋದಾಗ ಒಬ್ಬಾಕೀನ ಓಡಾಡಬೇಕ್ರೀ," ಅಂದಳು ಜಟ್ಟೆಮ್ಮ. "ಗೇಟಿನ್ಯಾಗ ಕಾರ್ಡ್ ಈ ಕೈಲೇ ಹಿಡೀಬೇಕು. ಮುಂದಿನ ಸಲ ಇವ್ರನ್ನ ಬಿಟ್ಟೇ ಬರ್ತೀನಿ."

ಪೀರಪ್ಪ ಬೆಪ್ಪಾಗಿ ಕೂತ. ಜೊತೆಗೆ ಬಾಳಿದ ಇಷ್ಟು ವರ್ಷಗಳಲ್ಲಿ ಅವಳಿಗೆ ಅಂಥದ್ದೊಂದು ಆಸೆ ಇರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ, ಏಕೆಂದರೆ ಅವನು ಕೇಳಿರಲೇ ಇಲ್ಲ. ಚಿನ್ಮಯಿ ಬರೆದುಕೊಂಡಳು. ಹಿಂದಿರುಗುವಾಗ ಹಲಸೂರು ನಿಲ್ದಾಣದಲ್ಲಿ ಪೀರಪ್ಪ ತನ್ನ ಜೇಬಿನಿಂದ ಹೆಂಡತಿಯ ಕಾರ್ಡ್ ತೆಗೆದು ಅವಳ ಬಲಗೈಗೆ ಕೊಟ್ಟ. ಮೊದಲ ಸಲ ಜಾರಿತು. ಎರಡನೆಯ ಸಲ ಗೇಟು ತೆರೆಯಿತು. ಜಟ್ಟೆಮ್ಮ ದಾಟಿ ಹೋಗಿ ಆ ಕಡೆ ನಿಂತು ಗಂಡನಿಗಾಗಿ ಕಾದಳು.

ಓದುತ್ತಿರುವ ಅಕ್ಕ, ಅಣ್ಣ, ಈಗ ನಿಮಗೊಂದು ಮಾತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಲಕ್ವ ಹೊಡೆದಿದ್ದರೆ, ಕೈಕಾಲಿಗೆ ಪೆಟ್ಟಾಗಿದ್ದರೆ, ಮಾಡುತ್ತಿದ್ದ ಕೆಲಸ ನಿಂತುಹೋಗಿದ್ದರೆ, ಆಕ್ಯುಪೇಷನಲ್ ಥೆರಪಿ ಎಲ್ಲಿ ಸಿಗುತ್ತದೆ ಎಂದು ನಿಮ್ಮ ಡಾಕ್ಟರನ್ನು ಅಥವಾ ಆಶಾ ಕಾರ್ಯಕರ್ತೆಯನ್ನು ಇವತ್ತೇ ಕೇಳಿ. ಅಲ್ಲಿ ಬಹಳ ಪ್ರಶ್ನೆ ಕೇಳುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಕಾಯಿಲೆ ಯಾವುದು, ಮನುಷ್ಯ ಎಂಥವರು, ಮನೆ ಹೇಗಿದೆ, ಯಾವುದು ಸರಿ, ನಾಳೆ ಏನಾಗಬಹುದು ಎಂದು ಅವರ ತಲೆಯಲ್ಲಿ ಎಲ್ಲವೂ ಒಟ್ಟಿಗೆ ಓಡುತ್ತಿರುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ನೆಲದ ಮೇಲೆ ಕೂರುವವರು ನೆಲವೆಂದೇ ಹೇಳಿ, ದುಡಿಯುವವರು ದುಡಿಮೆಯನ್ನೇ ಹೇಳಿ, ಅದರಲ್ಲಿ ನಾಚಿಕೆಯೂ ಇಲ್ಲ, ಅಂಜಿಕೆಯೂ ಬೇಡ.

ಮತ್ತೆ ಜೊತೆಯಲ್ಲಿ ಹೋಗುವ ಪೀರಪ್ಪಂದಿರೇ, ಪ್ರಶ್ನೆ ಬಂದಾಗ ನಿಮ್ಮ ಬಾಯಿಗೆ ಐದು ನಿಮಿಷ ರಜೆ ಕೊಡಿ. ಕೈ ಯಾರದೋ ಅವರೇ ಮಾತಾಡಲಿ.